ಕರಾವಳಿಯ ಸೆಕೆಯಲ್ಲಿ ಎರಡು ದ್ರವ ಶೀತಕಗಳು

ಮಲ್ಪೆಯ ಕಡಲಿಗೆ ಎರಡು ಕಿಲೋಮೀಟರ್ ದೂರದಲ್ಲಿರುವ ನಮ್ಮ ಮನೆಯಲ್ಲಿ ಯಕ್ಷಗಾನ ಬಯಲಾಟಗಳ ಇಡೀ ರಾತ್ರಿಯ ವಿಡಿಯೊಗಳನ್ನು ಸಂಕಲಿಸುವ ಕಂಪ್ಯೂಟರ್ ಒಂದಿದೆ. ಅದಕ್ಕೆ, ಪ್ರೊಸೆಸರಿನ ಬಿಸಿಯನ್ನು ದ್ರವದ ಮೂಲಕ ರೇಡಿಯೇಟರಿಗೆ ಸಾಗಿಸುವ ಎರಡು ಬಗೆಯ ದ್ರವ ಶೀತಕಗಳನ್ನು ಅಳವಡಿಸಿ ನೋಡಿದ್ದೇನೆ: ಒಂದು, ಕಾರ್ಖಾನೆಯಲ್ಲೇ ದ್ರವ ತುಂಬಿ ಮುಚ್ಚಿದ, 240 ಮಿ.ಮೀ. ರೇಡಿಯೇಟರಿನ ಆಲ್ ಇನ್ ಒನ್. ಇನ್ನೊಂದು, ಪಂಪು, ತೊಟ್ಟಿ, ಕೊಳವೆ, 360 ಮಿ.ಮೀ. ರೇಡಿಯೇಟರುಗಳನ್ನು ಬಿಡಿಬಿಡಿಯಾಗಿ ಕೊಂಡು ನಾನೇ ಜೋಡಿಸಿದ ಕಸ್ಟಮ್ ಲೂಪ್. ಪ್ರೊಸೆಸರ್ ರೈಜೆನ್ 7 5800ಎಕ್ಸ್. ಘೋಷಿತ ಟಿಡಿಪಿ (ಶೀತಕವು ಹೊರಹಾಕಬೇಕಾದ ಬಿಸಿಗೆ ತಯಾರಕರು ಕೊಡುವ ಅಂಕಿ) 105 ವ್ಯಾಟ್ ಆದರೂ ಪೂರ್ಣ ಹೊರೆಯಲ್ಲಿ ಅದು 142 ವ್ಯಾಟ್‌ವರೆಗೆ ಎಳೆಯುತ್ತದೆ, 90 ಡಿಗ್ರಿ ಮುಟ್ಟಿದರೆ ವೇಗ ತಗ್ಗಿಸಿಕೊಳ್ಳುತ್ತದೆ.

ರೇಡಿಯೇಟರು ತನ್ನ ಬಿಸಿಯನ್ನು ಕೋಣೆಯ ಗಾಳಿಗೇ ಬಿಡಬೇಕಾದ್ದರಿಂದ ಒಳಗಿನ ದ್ರವವು ಕೋಣೆಗಿಂತ ತಣ್ಣಗಾಗಲಾರದು. ಮೇ ತಿಂಗಳಲ್ಲಿ ಕೋಣೆಯೇ 33 ಡಿಗ್ರಿ ಇದ್ದಾಗ ಆಲ್ ಇನ್ ಒನ್‌ನಲ್ಲಿ ಪ್ರೊಸೆಸರ್ 82ಕ್ಕೂ ಲೂಪಿನಲ್ಲಿ 78ಕ್ಕೂ ನಿಂತಿತು. ನಾಲ್ಕೇ ಡಿಗ್ರಿ! ದ್ರವವು ಕೋಣೆಗಿಂತ ತಣ್ಣಗಾಗದ ಕಾರಣ, ನಮ್ಮೂರಿನ ತೇವದಲ್ಲಿ ಕೊಳವೆ ಬೆವರಿ ಬೋರ್ಡಿನ ಮೇಲೆ ತೊಟ್ಟಿಕ್ಕೀತೆಂಬ ಭಯಕ್ಕೂ ಆಧಾರವಿಲ್ಲ. ಸದ್ದಿನಲ್ಲಿ ಮಾತ್ರ ಲೂಪ್ ಸ್ಪಷ್ಟವಾಗಿ ಗೆದ್ದಿತು. ಅದರ ಮೂರು ಫ್ಯಾನುಗಳು ನಿಧಾನವಾಗಿ ತಿರುಗಿದರೂ ಸಾಕಾಗುವುದರಿಂದ, ನಡುರಾತ್ರಿ ಮದ್ದಳೆಯ ನುಡಿತವನ್ನು ಹೊಂದಿಸುವಾಗ ಯಂತ್ರದ ಇರವೇ ಮರೆತುಹೋಗುತ್ತಿತ್ತು.

ಆಲ್ ಇನ್ ಒನ್ ಜೋಡಿಸಲು ಒಂದು ಗಂಟೆ ಸಾಕಾಯಿತು. ಮೊದಲು ರೇಡಿಯೇಟರನ್ನು ಪಂಪಿಗಿಂತ ಕೆಳಗೆ ಕೂರಿಸಿದ್ದರಿಂದ ಗಾಳಿಯ ಗುಳ್ಳೆಗಳು ಪಂಪಿನಲ್ಲಿ ಸೇರಿ ಗುಳುಗುಳು ಎನ್ನುತ್ತಿದ್ದವು. ಪೆಟ್ಟಿಗೆಯ ನೆತ್ತಿಗೆ ಏರಿಸಿದ ಮೇಲೆ ಸುಮ್ಮನಾಯಿತು.

ಲೂಪಿನ ಕತೆ ಉದ್ದ. ಉಳಿದ ಭಾಗಗಳಿಗೆ ವಿದ್ಯುತ್ ಕೊಡದೆ ಪಂಪನ್ನಷ್ಟೇ 24 ಗಂಟೆ ಓಡಿಸಿ, ಪ್ರತಿ ಸಂದಿಯ ಕೆಳಗೆ ಟಿಶ್ಯೂ ಕಾಗದ ಹಾಸಿ ಕಾದಾಗ, ಒಂದು ರಬ್ಬರ್ ಉಂಗುರ ಸರಿಯಾಗಿ ಕೂರದೆ ಸೋರುತ್ತಿರುವುದು ಸಿಕ್ಕಿತು. ಬಾವಿಯ ನೀರೇ ಸಾಲದೆ ಎಂದು ಅಮ್ಮ ಕೇಳಿದ್ದರು. ಮುರಕಲ್ಲಿನ ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಲವಣಗಳಿರುವುದರಿಂದ ಭಟ್ಟಿ ಇಳಿಸಿದ ನೀರನ್ನೇ ತುಂಬಿದೆ. ಇಷ್ಟೆಲ್ಲ ಎಚ್ಚರ ವಹಿಸಿದವನು ಹಣ ಉಳಿಸಲು ಹೋಗಿ, ಪ್ರೊಸೆಸರಿನ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರನ್ನು ಜೊತೆ ಮಾಡಿದೆ. ಒಂದೇ ನೀರಿನಲ್ಲಿ ಈ ಎರಡು ಲೋಹಗಳು ಕೂಡಿದರೆ ವಿದ್ಯುತ್‌ಕೋಶದಂತೆ ವರ್ತಿಸಿ ಅಲ್ಯೂಮಿನಿಯಂ ಸವೆಯುತ್ತದೆ. ಎರಡನೆಯ ಮಳೆಗಾಲದ ಹೊತ್ತಿಗೆ ಬ್ಲಾಕಿನ ಸೂಕ್ಷ್ಮ ಗೀರುಗಳಲ್ಲಿ ಬೂದುಬಣ್ಣದ ಗಸಿ ತುಂಬಿ ನೀರಿನ ಓಟವೇ ಕುಂದಿತ್ತು. ಆಲ್ ಇನ್ ಒನ್‌ಗಳಲ್ಲೂ ಹೆಚ್ಚಿನವು ಇದೇ ಜೋಡಿಯವು, ಆದರೆ ಅವುಗಳಲ್ಲಿ ತುಕ್ಕುನಿರೋಧಕ ಬೆರೆಸಿದ ದ್ರವವಿರುತ್ತದೆ. ತಾಮ್ರದ ರೇಡಿಯೇಟರು ಕೊಂಡು ನಾನು ದಂಡ ತೆತ್ತೆ.

ಆಲ್ ಇನ್ ಒನ್‌ನ ಪಂಪು ಕೆಟ್ಟ ದಿನ ಇಡೀ ಸಾಧನವನ್ನೇ ಎಸೆಯಬೇಕಾದೀತು, ಲೂಪಿನಲ್ಲಾದರೆ ಪಂಪೊಂದನ್ನೇ ಬದಲಿಸಬಹುದು. ಇದು ತಿಳಿದೂ ಸಂಕಲನದ ಕಂಪ್ಯೂಟರಿಗೆ ಆಲ್ ಇನ್ ಒನ್ ಅನ್ನೇ ಮರಳಿ ಹಾಕಿದ್ದೇನೆ, ಏಕೆಂದರೆ ಮೇಳಗಳ ತಿರುಗಾಟ ನಡೆಯುವಷ್ಟು ಕಾಲ ಯಂತ್ರ ಬಿಚ್ಚಿ ಕೂರುವ ಬಿಡುವಿರುವುದಿಲ್ಲ. ಲೂಪ್ ಈಗ ನನ್ನ ಇನ್ನೊಂದು ಕಂಪ್ಯೂಟರಿನಲ್ಲಿದೆ. ಅದರ ನೀರು ಬದಲಿಸುವುದು ವರ್ಷಕ್ಕೊಮ್ಮೆ, ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ.