ರಥದ ಮೇಲಿನ ಗೀತೆ, ಮಾಂಸದಂಗಡಿಯ ಗೀತೆ

ಅಪ್ಪನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಎರಡು ವರ್ಷಕ್ಕೂ ಜಾಸ್ತಿ ಹಾಸಿಗೆಯಲ್ಲೇ ಇದ್ದರು. ಬಲಗೈ, ಬಲಗಾಲು ಬಿದ್ದುಹೋಗಿತ್ತು. ಮಾತು ಮುಕ್ಕಾಲು ಪಾಲು ಹೋಗಿತ್ತು. ನೋಡಿಕೊಂಡವಳು ನಾನು. ಆ ದಿನಗಳಲ್ಲಿ ಮಹಾಭಾರತದ ಮೂರು ಉಪದೇಶಗಳನ್ನು ಒಂದಾದ ಮೇಲೊಂದು ಓದಿದೆ. ಭೀಷ್ಮಪರ್ವದ ಭಗವದ್ಗೀತೆ, ವನಪರ್ವದ ವ್ಯಾಧಗೀತೆ (ವ್ಯಾಧ ಅಂದರೆ ಬೇಡರವನು), ಉದ್ಯೋಗಪರ್ವದ ವಿದುರನೀತಿ. ಬೆಳಗ್ಗೆ ಎದ್ದು ಮತ್ತೆ ಅದೇ ಕೆಲಸಕ್ಕೆ ಕೈ ಹಾಕಲು ಏನಾದರೂ ಆಸರೆ ಬೇಕಿತ್ತು, ಅದಕ್ಕೇ ಓದಿದೆ. ಮೂರೂ ಕರ್ತವ್ಯದ ಮಾತನ್ನೇ ಆಡುತ್ತವೆ. ಆದರೆ ಮೂರೂ ಒಂದೇ ಹೊತ್ತಿಗೆ ಒದಗಲಿಲ್ಲ.

ಮೊದಲು ಕೈಗೆತ್ತಿಕೊಂಡಿದ್ದು ಗೀತೆ. ದೇವರ ಮನೆಯಲ್ಲಿ ಪುಸ್ತಕ ಇತ್ತು. 18 ಅಧ್ಯಾಯ, 700 ಶ್ಲೋಕ. ಅಪ್ಪ ಏಳುವ ಮುಂಚೆ ದಿನಕ್ಕೊಂದು ಅಧ್ಯಾಯ.

ಅದು ಕೆಲಸಕ್ಕೆ ಬಂದಿದ್ದು ಬೆರಳುಗಳ ವಿಷಯದಲ್ಲಿ. ಬಿದ್ದುಹೋದ ಕೈಯ ಒಂದೊಂದು ಬೆರಳನ್ನೂ ಹತ್ತು ಸಲ ಮಡಚಿ ಬಿಡಿಸಬೇಕು, ದಿನಕ್ಕೆ ಮೂರು ಹೊತ್ತು. ಪ್ರತಿ ಸಲವೂ ನಾನು ಬೆರಳನ್ನೇ ನೋಡುತ್ತಿದ್ದೆ, ಇವತ್ತು ತಾನಾಗಿ ಅಲ್ಲಾಡುತ್ತಾ ಅಂತ. ಆರು ವಾರ ಕಳೆದರೂ ಏನೂ ಇಲ್ಲ. ನನಗೆ ಅಪ್ಪನ ಮೇಲೇ ಸಿಟ್ಟು ಬರತೊಡಗಿತು. ಅವರು ಮನಸ್ಸು ಮಾಡುತ್ತಿಲ್ಲ ಅನ್ನಿಸುತ್ತಿತ್ತು. 'ಕರ್ಮಣ್ಯೇವಾಧಿಕಾರಸ್ತೇ' ಅನ್ನೋ ಸಾಲನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಮದುವೆ ಮನೆಯ ಭಾಷಣದಲ್ಲೂ ಬರುತ್ತದೆ, ಅಲ್ವಾ? ಆದರೆ ಅದರ ಅರ್ಥ ನನಗೆ ಆದದ್ದು ಆ ಮಂಚದ ಪಕ್ಕ. ಬೆರಳು ಮಡಚುವುದು ನನ್ನ ಪಾಲು. ಅಲ್ಲಾಡುವುದು ಬಿಡುವುದು ನನ್ನ ಕೈಯಲ್ಲಿಲ್ಲ. ಅವತ್ತಿನಿಂದ ಬೆರಳು ನೋಡುವುದನ್ನು ಬಿಟ್ಟು ಅಪ್ಪನ ಮುಖ ನೋಡಿಕೊಂಡು ಮಡಚಿದೆ. ಸಿಟ್ಟು ಇಳಿಯಿತು.

ಇನ್ನೊಂದು, ಆರನೇ ಅಧ್ಯಾಯದ 16ನೇ ಶ್ಲೋಕ. ಅತಿಯಾಗಿ ತಿನ್ನುವವನಿಗೂ ಯೋಗವಿಲ್ಲ, ಏನೂ ತಿನ್ನದವನಿಗೂ ಇಲ್ಲ. ಅತಿಯಾಗಿ ನಿದ್ದೆ ಮಾಡುವವನಿಗೂ ಇಲ್ಲ, ಎಚ್ಚರವಾಗೇ ಇರುವವನಿಗೂ ಇಲ್ಲ. ನಾನು ಆಗ ಮಧ್ಯಾಹ್ನ ಮೂರಕ್ಕೆ ಅಡುಗೆಮನೆ ಕಟ್ಟೆಯ ಪಕ್ಕ ನಿಂತುಕೊಂಡೇ ತಿನ್ನುತ್ತಿದ್ದೆ. ರೋಗಿಯನ್ನು ನೋಡಿಕೊಳ್ಳುವವರಿಗೆ ಇಡೀ ಗೀತೆಯಲ್ಲಿ ಇಷ್ಟು ನೇರವಾಗಿ ಉಪಯೋಗಕ್ಕೆ ಬರುವ ಮಾತು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಆದರೆ ಗೀತೆ ಹಿಡಿದುಕೊಂಡೇ ನಾನೊಂದು ತಪ್ಪು ದಾರಿ ಹಿಡಿದೆ. ಸುಖ ದುಃಖ ಎರಡನ್ನೂ ಸಮವಾಗಿ ಕಾಣಬೇಕು ಅಂತ ಓದಿ ಓದಿ, ಕೆಲಸವನ್ನು ಯಂತ್ರದ ಹಾಗೆ ಮಾಡತೊಡಗಿದೆ. ಮಗ್ಗುಲು ತಿರುಗಿಸು, ಬಟ್ಟೆ ಬದಲಿಸು, ಮಾತ್ರೆ ಕೊಡು. ಮಾತಿಲ್ಲ, ಕಥೆಯಿಲ್ಲ. ಒಂದು ದಿನ ಮೈ ಒರೆಸುತ್ತಿದ್ದಾಗ ಅಪ್ಪ ಮುಖ ಗೋಡೆ ಕಡೆ ತಿರುಗಿಸಿಕೊಂಡರು. ನಾನು ಸಮಚಿತ್ತ ಅಂದುಕೊಂಡಿದ್ದು ಬರೀ ಮರಗಟ್ಟಿದ ಮನಸ್ಸು. ಇದು ಗೀತೆಯ ದೋಷ ಅಲ್ಲ. ಹನ್ನೆರಡನೇ ಅಧ್ಯಾಯದಲ್ಲಿ 'ಮೈತ್ರಃ ಕರುಣ ಏವ ಚ', ಸ್ನೇಹವೂ ಕರುಣೆಯೂ ಇರಬೇಕು ಅಂತ ಸ್ಪಷ್ಟವಾಗಿದೆ. ಓದಿದ್ದೆ, ಮನಸ್ಸಿಗೆ ಇಳಿದಿರಲಿಲ್ಲ. ಯಾಕೆ ಇಳಿಯಲಿಲ್ಲ ಅಂತ ಆಮೇಲೆ ಯೋಚಿಸಿದ್ದೇನೆ. ಅರ್ಜುನನ ಮುಂದಿರುವುದು ಒಂದೇ ಒಂದು ನಿರ್ಧಾರ, ಹೋರಾಡುವುದೋ ಬಿಡುವುದೋ. ನನ್ನ ಮುಂದೆ ನಿರ್ಧಾರವೇ ಇರಲಿಲ್ಲ. ನೆನೆದ ಹಾಸು ಇತ್ತು. ನಾಳೆಯೂ ಇರುತ್ತಿತ್ತು.

ವ್ಯಾಧಗೀತೆ ಸಿಕ್ಕಿದ್ದು ಆ ಹೊತ್ತಿನಲ್ಲಿ. ವನವಾಸದಲ್ಲಿರುವ ಧರ್ಮರಾಯನಿಗೆ ಮಾರ್ಕಂಡೇಯ ಋಷಿ ಹೇಳುವ ಕಥೆ ಇದು. ಕೌಶಿಕ ಅನ್ನೋ ಬ್ರಾಹ್ಮಣ ಮರದ ಕೆಳಗೆ ವೇದ ಓದುತ್ತಿದ್ದಾಗ ಮೇಲಿಂದ ಕೊಕ್ಕರೆಯೊಂದು ಮೈಮೇಲೆ ಹಿಕ್ಕೆ ಹಾಕುತ್ತದೆ. ಅವನು ಸಿಟ್ಟಿನಿಂದ ನೋಡಿದ್ದಕ್ಕೇ ಅದು ಸತ್ತು ಬೀಳುತ್ತದೆ. ಆಮೇಲೆ ಭಿಕ್ಷೆಗೆ ಹೋಗುತ್ತಾನೆ. ಮನೆಯಾಕೆ 'ಇರಿ' ಅಂತ ಹೇಳಿ ಪಾತ್ರೆ ತೊಳೆಯುತ್ತಿರುತ್ತಾಳೆ. ಅಷ್ಟರಲ್ಲಿ ಗಂಡ ಹಸಿದು ಬರುತ್ತಾನೆ. ಅವನಿಗೆ ಬಡಿಸಿ, ಉಪಚಾರ ಮಾಡಿ, ಆಮೇಲೆ ಭಿಕ್ಷೆ ತರುತ್ತಾಳೆ. ಕೌಶಿಕ ಕೆಂಡವಾಗುತ್ತಾನೆ. ಅವಳು ಹೆದರುವುದಿಲ್ಲ. 'ನಾನು ಆ ಕೊಕ್ಕರೆ ಅಲ್ಲ' ಅನ್ನುತ್ತಾಳೆ. ಧರ್ಮ ತಿಳಿಯಬೇಕಿದ್ದರೆ ಮಿಥಿಲೆಗೆ ಹೋಗು, ಅಲ್ಲೊಬ್ಬ ವ್ಯಾಧ ಇದ್ದಾನೆ ಅಂತ ಕಳಿಸುತ್ತಾಳೆ.

ಆ ವ್ಯಾಧ ಕೂತಿರುವುದು ಮಾಂಸದಂಗಡಿಯಲ್ಲಿ. ಅವನು ಕೌಶಿಕನಿಗೆ ತುಂಬಾ ಹೊತ್ತು ಧರ್ಮ ಹೇಳುತ್ತಾನೆ. ಆದರೆ ನಾನು ಮತ್ತೆ ಮತ್ತೆ ತೆಗೆದು ಓದಿದ್ದು ಅವನು ತನ್ನ ಮುದಿ ತಂದೆತಾಯಿಯನ್ನು ತೋರಿಸುವ ಭಾಗ. ಇವರೇ ನನ್ನ ದೇವರು ಅನ್ನುತ್ತಾನೆ. ನಾನೇ ಇವರಿಗೆ ಸ್ನಾನ ಮಾಡಿಸುತ್ತೇನೆ, ನಾನೇ ಕಾಲು ತೊಳೆಯುತ್ತೇನೆ, ನಾನೇ ಊಟ ಕೊಡುತ್ತೇನೆ. ಇವರಿಗೆ ಹಿತವಾದ ಮಾತನ್ನೇ ಆಡುತ್ತೇನೆ. 'ಸ್ವಯಂ' ಅನ್ನೋ ಆ ಶಬ್ದ ನನ್ನನ್ನು ಹಿಡಿದು ನಿಲ್ಲಿಸಿತು. ಸ್ನಾನ, ಕಾಲು, ಊಟ. ನನ್ನ ದಿನದ ಪಟ್ಟಿಯೇ ಅಲ್ಲಿತ್ತು, ಪೂಜೆಯ ಹೆಸರಿನಲ್ಲಿ. ಮಾರನೇ ದಿನ ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ, ಅಪ್ಪನ ಹಿಮ್ಮಡಿ ಒರೆಸುತ್ತಾ ಊರಿನ ಸುದ್ದಿಯೆಲ್ಲ ಹೇಳಿದೆ. ಯಾರ ಮನೆಯ ಹಸು ಈಯಿತು, ಯಾರ ಮಗಳಿಗೆ ಕೆಲಸ ಸಿಕ್ಕಿತು. ಅಪ್ಪ ಗೋಡೆ ಕಡೆ ತಿರುಗಲಿಲ್ಲ.

ಅಲ್ಲೇ ಒಂದು ವಿಚಿತ್ರ ಮಾತೂ ಇದೆ. ಇವರಿಗೆ ಪ್ರಿಯವಾಗುವುದಾದರೆ ಅಧರ್ಮ ಸೋಕಿದ್ದನ್ನೂ ಮಾಡುತ್ತೇನೆ ಅನ್ನುತ್ತಾನೆ ವ್ಯಾಧ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಎಡಗೈ ಎತ್ತಿ ಬೆಲ್ಲದ ಡಬ್ಬಿ ತೋರಿಸುತ್ತಿದ್ದರು. ತಿಂಗಳುಗಟ್ಟಲೆ ಆಗಲ್ಲ ಅಂದಿದ್ದೆ. ಈ ಸಾಲು ಓದಿದ ಮೇಲೆ, ಯುಗಾದಿಯ ದಿನ ಕಡಲೆಕಾಳಿನಷ್ಟು ಬೆಲ್ಲ ನಾಲಿಗೆ ಮೇಲಿಟ್ಟೆ. ಕಣ್ಣು ಮುಚ್ಚಿಕೊಂಡು ಚೀಪಿದರು. ಸರಿಯೋ ತಪ್ಪೋ ಅಂತ ವಾದ ಮಾಡಲಾರೆ. ಮತ್ತೊಮ್ಮೆ ಅವಕಾಶ ಸಿಕ್ಕರೂ ಇಡುತ್ತೇನೆ.

ವ್ಯಾಧಗೀತೆಯಲ್ಲಿ ನಾನು ಒಪ್ಪದ್ದೂ ಇದೆ. ಹೆಂಗಸಿಗೆ ಗಂಡನ ಸೇವೆಯೇ ಎಲ್ಲಕ್ಕಿಂತ ದೊಡ್ಡ ಧರ್ಮ ಅನ್ನುವುದನ್ನು ಒಪ್ಪಲಾರೆ. ವ್ಯಾಧ ತನ್ನ ಕಸುಬನ್ನು ಹಿಂದಿನ ಜನ್ಮದ ಕರ್ಮಕ್ಕೆ ಕಟ್ಟುವುದೂ ನನಗೆ ಹಿಡಿಸುವುದಿಲ್ಲ. ಆದರೆ ಕಾಡಲ್ಲಿ ತಪಸ್ಸು ಮಾಡಿದವನನ್ನು ಬಾಗಿಲಲ್ಲಿ ನಿಲ್ಲಿಸಿ, ಕೈಯಲ್ಲಿದ್ದ ಕೆಲಸ ಮುಗಿಸಿದ ಆ ಹೆಂಗಸಿಗೆ ಹೆಸರೇ ಇಲ್ಲ. ಅವಳ ಮೇಲೆ ನನಗೆ ತುಂಬಾ ಗೌರವ.

ವಿದುರನೀತಿಗೆ ಜಾಸ್ತಿ ದಿನ ಕೊಡಲಿಲ್ಲ. ಶುರುವಾಗುವುದು ಚೆನ್ನಾಗಿದೆ. ಧೃತರಾಷ್ಟ್ರನಿಗೆ ನಿದ್ದೆ ಬರುತ್ತಿಲ್ಲ, ರಾತ್ರಿಯಲ್ಲಿ ತಮ್ಮನನ್ನು ಕರೆಸುತ್ತಾನೆ. ಬಲವಂತನೊಡನೆ ಸಿಕ್ಕಿಬಿದ್ದ ದುರ್ಬಲ, ಸೊತ್ತು ಕಳೆದುಕೊಂಡವ, ಕಾಮಿ, ಕಳ್ಳ, ಇವರಿಗೆ ನಿದ್ದೆ ಬರುವುದಿಲ್ಲ, ಇಂಥ ದೋಷ ಯಾವುದೂ ನಿನಗೆ ತಟ್ಟಿಲ್ಲ ತಾನೇ ಅಂತ ವಿದುರ ಕೇಳುತ್ತಾನೆ. ನಿದ್ದೆಗೆಟ್ಟು ಕೂತು ಇದನ್ನು ಓದಿದಾಗ ಮೈ ಜುಮ್ಮೆಂದಿತು. ಆಮೇಲೆ ಪಟ್ಟಿಗಳು. ಬಿಡಬೇಕಾದ ದೋಷಗಳು ಇಷ್ಟು, ಬೇಕಾದ ಗುಣಗಳು ಇಷ್ಟು. ಮನೆ, ವ್ಯವಹಾರ ನಡೆಸುವವರಿಗೆ ಒಳ್ಳೆಯದು. ದಣಿದವಳಿಗೆ ಪಟ್ಟಿ ಬೇಕಿರಲಿಲ್ಲ. ಎಲ್ಲ ಕೇಳಿದ ಮೇಲೆ ಧೃತರಾಷ್ಟ್ರ ಹೇಳುವುದೂ ಇಷ್ಟೇ: ನೀನು ಹೇಳಿದ್ದು ಸರಿ, ಆದರೆ ದುರ್ಯೋಧನನನ್ನು ಕಂಡ ಕೂಡಲೇ ನನ್ನ ಬುದ್ಧಿ ತಿರುಗುತ್ತದೆ.

ಹಾಗಂತ ವ್ಯಾಧಗೀತೆಯೇ ಗೆದ್ದಿತು ಅನ್ನಲಾರೆ. ಕೊನೆಯ ಚಳಿಗಾಲದಲ್ಲಿ ಅಪ್ಪನಿಗೆ ನುಂಗುವುದು ಕಷ್ಟವಾಯಿತು. ಮೂಗಿನಿಂದ ನಳಿಗೆ ಹಾಕಿಸಬೇಕೋ ಬೇಡವೋ ಹೇಳಿ ಅಂದರು ಡಾಕ್ಟರು. ನನ್ನ ತಮ್ಮ ಫೋನಿನಲ್ಲಿ ಅಳುತ್ತಿದ್ದ. ಅವತ್ತು ವ್ಯಾಧ ಏನೂ ಹೇಳಲಿಲ್ಲ. ಅವನ ತಂದೆತಾಯಿ ಊಟ ಮುಗಿಸಿ, ಬಿಳಿ ಬಟ್ಟೆ ಉಟ್ಟು, ಪೀಠದ ಮೇಲೆ ತೃಪ್ತಿಯಾಗಿ ಕೂತವರು. ನುಂಗಲಾಗದವರ ಮಾತು ಅಲ್ಲಿಲ್ಲ. ಮತ್ತೆ ಗೀತೆ ತೆರೆದೆ. 18ನೇ ಅಧ್ಯಾಯದ 63ನೇ ಶ್ಲೋಕ. ಎಲ್ಲವನ್ನೂ ಹೇಳಿದ ಮೇಲೆ ಕೃಷ್ಣ ಆಜ್ಞೆ ಮಾಡುವುದಿಲ್ಲ. ಪೂರ್ತಿ ಯೋಚಿಸಿ ನೋಡು, ಆಮೇಲೆ ನಿನಗೆ ಹೇಗೆ ಬೇಕೋ ಹಾಗೆ ಮಾಡು ಅನ್ನುತ್ತಾನೆ. ದೇವರೇ ನಿರ್ಧಾರವನ್ನು ಮನುಷ್ಯನ ಕೈಗೆ ಕೊಡುತ್ತಾನೆ. ನಾನು ಅಪ್ಪನ ಪಕ್ಕ ಕೂತು ಅವರನ್ನೇ ಕೇಳಿದೆ. ಎಡಗೈ ಅಲ್ಲಾಡಿಸಿದರು, ಬೇಡ ಅಂತ. ಎರಡು ಸಲ ಕೇಳಿದೆ. ಎರಡು ಸಲವೂ ಬೇಡ. ನಳಿಗೆ ಹಾಕಿಸಲಿಲ್ಲ. ತಲೆದಿಂಬು ಎತ್ತರ ಮಾಡಿ, ಗಟ್ಟಿ ಗಂಜಿಯನ್ನು ಅರ್ಧರ್ಧ ಚಮಚ ಕೊಟ್ಟೆ. ಒಂದು ಬಟ್ಟಲಿಗೆ ಒಂದು ಗಂಟೆ ಹಿಡಿಯುತ್ತಿತ್ತು.

ಇಂಥದ್ದೇ ಕೆಲಸದಲ್ಲಿ ಇರುವವರು ಯಾವುದು ಓದಲಿ ಅಂತ ಕೇಳಿದರೆ, ವನಪರ್ವ ತೆಗೆದು ವ್ಯಾಧನ ಕಥೆಯಿಂದ ಶುರು ಮಾಡಿ ಅನ್ನುತ್ತೇನೆ. ಗೀತೆಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಳ್ಳಿ. ಓದಿದ್ದು ಮರೆತುಹೋಗುತ್ತದೆ ಅಂತ ಬೇಜಾರು ಬೇಡ. ಯುದ್ಧ ಮುಗಿದ ಮೇಲೆ ಅರ್ಜುನನೇ ಕೃಷ್ಣನ ಹತ್ತಿರ, ಆವತ್ತು ನೀನು ಹೇಳಿದ್ದು ಮರೆತುಹೋಯಿತು, ಇನ್ನೊಮ್ಮೆ ಹೇಳು ಅನ್ನುತ್ತಾನೆ. ಅಶ್ವಮೇಧಿಕ ಪರ್ವದ ಅನುಗೀತೆ ಶುರುವಾಗುವುದೇ ಹೀಗೆ. ಕೃಷ್ಣ ಗದರುತ್ತಾನೆ, ಅದನ್ನೇ ಮತ್ತೆ ಹೇಳಲು ಆಗುವುದಿಲ್ಲ ಅನ್ನುತ್ತಾನೆ. ಆದರೂ ಪಕ್ಕದಲ್ಲಿ ಕೂತು ಬೇರೊಂದು ಹಳೆಯ ಕಥೆ ತೆಗೆಯುತ್ತಾನೆ.