ಜಿಪಿಎಸ್‌ಗೆ ನಕ್ಷೆ ಹಾಕಿಸಲು ಹೋಗಿ 163 ವೀರಗಲ್ಲುಗಳನ್ನು ಕಳೆದುಕೊಂಡೆ

ಕೈಯಲ್ಲಿ ಹಿಡಿಯುವ ಜಿಪಿಎಸ್‌ಗೆ ನಕ್ಷೆ ಹಾಕಿಸಬೇಕೆಂದು ಅಂಗಡಿಗೆ ಹೊರಟಿದ್ದೀರಾದರೆ ಒಂದು ನಿಮಿಷ ನಿಲ್ಲಿ. ಸಾಧನವನ್ನು ಕಂಪ್ಯೂಟರಿಗೆ ಜೋಡಿಸಿ. ಅದರೊಳಗೆ ಜಿಪಿಎಕ್ಸ್ ಎಂಬ ಫೋಲ್ಡರ್ ಇರುತ್ತದೆ; ನೀವು ಗುರುತು ಹಾಕಿಕೊಂಡ ಜಾಗಗಳೆಲ್ಲ ಇರುವುದು ಅದರಲ್ಲೇ. ಅದನ್ನು ಹಾಗೆಯೇ ಬೇರೊಂದು ಕಡೆಗೆ ನಕಲು ಮಾಡಿಟ್ಟುಕೊಂಡು ಆಮೇಲೆ ಮನೆಯಿಂದ ಹೊರಡಿ. ಇಷ್ಟು ಓದಿ ಬಿಟ್ಟರೂ ನನಗೆ ಬೇಸರವಿಲ್ಲ. ಮುಂದಿನದೆಲ್ಲ ಹೊಟ್ಟೆಯುರಿ.

ನಾನು ಚಿತ್ರದುರ್ಗದಲ್ಲಿ ಪ್ರೌಢಶಾಲೆಯ ಮೇಷ್ಟ್ರು. ಭಾನುವಾರ ಬಂದರೆ ಕಾದಾಡಿ ಮಡಿದವರ ನೆನಪಿನ ವೀರಗಲ್ಲು, ಸತಿ ಹೋದವರ ನೆನಪಿನ ಮಾಸ್ತಿಗಲ್ಲು ಹುಡುಕಿಕೊಂಡು ಹೊರಡುವುದು ಒಂಬತ್ತು ವರ್ಷದ ಚಟ. ದುರ್ಗಕ್ಕೆ ಬಂದು ಏಳು ಸುತ್ತಿನ ಕೋಟೆಯನ್ನೂ ಓಬವ್ವನ ಕಿಂಡಿಯನ್ನೂ ನೋಡಿ ಹೋಗುವವರಿಗೆ ಈ ಕಲ್ಲುಗಳು ಕಾಣುವುದಿಲ್ಲ. ಬೇಲಿಯ ಸಾಲಿನಲ್ಲಿ, ಕೆರೆಯ ಏರಿಯ ಕೆಳಗೆ, ಎದೆಮಟ್ಟ ಹೂತು ನಿಂತಿರುತ್ತವೆ. ಹೊಸದುರ್ಗದ ಕಡೆಯ ಒಂದು ಊರಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಮಕಾಡೆ ಬಿದ್ದಿದ್ದನ್ನೂ ಕಂಡಿದ್ದೇನೆ. ಇವುಗಳಿಗೆ ವಿಳಾಸವಿಲ್ಲ. ‘ಹುಣಸೆಮರದ ಪಕ್ಕ’ ಎಂದು ಬರೆದುಕೊಂಡರೆ ಮುಂದಿನ ವರ್ಷ ಹುಣಸೆಮರವೇ ಇರುವುದಿಲ್ಲ. ಆದ್ದರಿಂದ ಪ್ರತಿ ಕಲ್ಲಿನ ಎದುರು ನಿಂತು ಅಕ್ಷಾಂಶ, ರೇಖಾಂಶವನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಒಟ್ಟು 163 ಗುರುತುಗಳಾಗಿದ್ದವು.

ಮೊಬೈಲ್ ಇರುವಾಗ ಇದೇಕೆ ಎಂದು ಕೇಳುವವರು ಬೇಸಿಗೆಯ ಮಧ್ಯಾಹ್ನ ಮೊಳಕಾಲ್ಮೂರಿನ ಬಯಲಿನಲ್ಲಿ ಮೊಬೈಲ್ ಪರದೆಯನ್ನು ಓದಲು ಒಮ್ಮೆ ಪ್ರಯತ್ನಿಸಬೇಕು. ನನ್ನದು ಗಾರ್ಮಿನ್ ಇಟ್ರೆಕ್ಸ್ 20. ಬಿಸಿಲು ಹೆಚ್ಚಿದಷ್ಟೂ ಪರದೆ ಚೆನ್ನಾಗಿ ಕಾಣುತ್ತದೆ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ದಿನವಿಡೀ ನಡೆಯುತ್ತದೆ, ಸೆಲ್ ಮುಗಿದರೆ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಒಂದು ಕೊರತೆಯೆಂದರೆ ಅದರೊಳಗೆ ಹುಟ್ಟಿನಿಂದ ಬರುವ ನಕ್ಷೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮುಖ್ಯ ಹೆದ್ದಾರಿ, ದೊಡ್ಡ ಊರುಗಳ ಹೆಸರು, ಅಷ್ಟೇ. ಬಂಡಿಜಾಡು, ಹಳ್ಳ, ಗುಡ್ಡದ ಏರಿಳಿತ ಕಾಣಬೇಕೆಂದರೆ ಬೇರೆ ನಕ್ಷೆಯನ್ನು ನಾವೇ ತುಂಬಬೇಕು. ಎಂಟು ವರ್ಷ ಅದಿಲ್ಲದೆಯೇ ನಡೆದಿತ್ತು. ಆಸೆ ಹುಟ್ಟಿದ್ದು ಆಮೇಲೆ.

ದಾವಣಗೆರೆಯಲ್ಲಿ ಭೂಮಾಪನದ ಉಪಕರಣಗಳನ್ನು ಮಾರುವ, ಬಾಡಿಗೆಗೂ ಕೊಡುವ ಅಂಗಡಿಯೊಂದಿದೆ. ಹೆಸರು ಬೇಡ. ‘ಇಡೀ ಭಾರತದ ನಕ್ಷೆ ಹಾಕಿಕೊಡುತ್ತೇವೆ, ಕಾರ್ಡ್ ಸೇರಿ 2,500 ರೂಪಾಯಿ’ ಎಂದರು. ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಯಾವ ನಕ್ಷೆ? ಕೇಳಲಿಲ್ಲ. ಭಾರತ ಎಂದ ಮೇಲೆ ಮೊಳಕಾಲ್ಮೂರೂ ಅದರೊಳಗೆ ಇರಲೇಬೇಕಲ್ಲ ಎಂಬುದು ನನ್ನ ಲೆಕ್ಕ.

ಅಂಗಡಿಯ ಹುಡುಗ ತಮ್ಮದೇ ಸಾಧನದಲ್ಲಿ ನಕ್ಷೆ ತೋರಿಸಿದ. ಹರಿಹರದ ತುಂಗಭದ್ರೆ, ಸೇತುವೆ, ದಾವಣಗೆರೆಯ ಗಲ್ಲಿಗಲ್ಲಿಯೂ ಕಾಣುತ್ತಿತ್ತು. ನಾನು ಸೋತುಹೋದೆ. ಅದೇ ಕಾರ್ಡನ್ನು ತೆಗೆದು ನನ್ನ ಸಾಧನದ ಸೆಲ್‌ಗಳ ಕೆಳಗಿನ ಕಿಂಡಿಗೆ ತೂರಿಸಿ ಚಾಲೂ ಮಾಡಿದಾಗ, ನಕ್ಷೆಯ ಬೀಗ ತೆಗೆಯಲಾಗುತ್ತಿಲ್ಲ ಎಂಬ ಸಂದೇಶ ಬಂತು. ಅಲ್ಲಿಯೇ ಎದ್ದು ಬರಬೇಕಿತ್ತು. ಹಣ ಕೊಟ್ಟು ಇಳಿಸಿಕೊಳ್ಳುವ ನಕ್ಷೆಗೆ ಸಾಧನದ ಗುರುತಿನ ಸಂಖ್ಯೆಯೊಂದಿಗೆ ಬೀಗ ಹಾಕಿರುತ್ತಾರೆ. ಕಾರ್ಡಿನಲ್ಲೇ ತುಂಬಿ ಮಾರುವ ನಕ್ಷೆಯಾದರೆ ಬೀಗ ಆ ಕಾರ್ಡಿನದು. ಇನ್ನೊಂದು ಕಾರ್ಡಿಗೆ ನಕಲು ಮಾಡಿದರೆ ತೆರೆಯುವುದಿಲ್ಲ. ಅಂದರೆ ಅವರು ಒಬ್ಬರಿಗಾಗಿ ಕೊಂಡದ್ದನ್ನು ಊರಿಗೆಲ್ಲ ಹಂಚುತ್ತಿದ್ದರು. ಇದು ನನಗೆ ತಿಳಿದದ್ದು ಈಚೆಗೆ.

‘ಚಿಂತೆ ಬೇಡ ಸರ್, ಬೀಗ ಒಡೆದದ್ದು ಇನ್ನೊಂದಿದೆ’ ಎಂದ ಹುಡುಗ. ಒಡೆದದ್ದು ಎಂಬ ಮಾತಿಗೆ ಮೇಷ್ಟ್ರಾದ ನನಗೆ ಮುಜುಗರವಾಯಿತು, ಆದರೂ ಸುಮ್ಮನಿದ್ದೆ. ಈ ಕಥೆಯಲ್ಲಿ ನನ್ನ ಪಾಲಿನ ತಪ್ಪು ಅದು, ಅದನ್ನು ಮುಚ್ಚಿಡುವುದಿಲ್ಲ. ಅವನು ಹೊಸ 64 ಜಿಬಿ ಕಾರ್ಡು ತೆಗೆದು ಹಾಕಿದ. ಸಾಧನ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ‘ಫಾರ್ಮ್ಯಾಟ್ ಮಾಡಬೇಕು ಸರ್, ಅರ್ಧ ಗಂಟೆ ಬಿಟ್ಟು ಬನ್ನಿ’ ಎಂದ. ನಾನು ಬೆಣ್ಣೆದೋಸೆ ತಿನ್ನಲು ಹೋದೆ. ಆ ದಿನದ ಖರ್ಚಿನಲ್ಲಿ ನಷ್ಟವೆನಿಸದ ಬಾಬತ್ತು ಅದೊಂದೇ.

ಮರಳಿ ಬಂದಾಗ ನಕ್ಷೆ ಕೂತಿತ್ತು. ದಾವಣಗೆರೆಯ ಗಲ್ಲಿಗಳು ನನ್ನ ಕೈಯಲ್ಲೇ ಹೊಳೆಯುತ್ತಿದ್ದವು. ಹಣ ಕೊಟ್ಟು ಬಸ್ಸು ಹತ್ತಿದೆ.

ಮುಂದಿನ ಭಾನುವಾರ ಗೆಳೆಯನೊಬ್ಬನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮೊಳಕಾಲ್ಮೂರು ತಾಲ್ಲೂಕಿಗೆ ಹೋದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಆ ಸೀಮೆಯಲ್ಲಿ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಶೋಕನ ಶಾಸನಗಳನ್ನು ಪತ್ತೆ ಮಾಡಿದ್ದರು. ಅವರ ಕೈಯಲ್ಲಿ ಜಿಪಿಎಸ್ ಇರಲಿಲ್ಲ, ನನ್ನ ಕೈಯಲ್ಲಿದೆ ಎಂಬ ಸಣ್ಣ ಜಂಬ ಬೇರೆ. ಡಾಂಬರು ರಸ್ತೆ ಬಿಟ್ಟು ಹೊಲದೊಳಗೆ ಇಳಿದೆವು. ಪರದೆಯಲ್ಲಿ ರಸ್ತೆಯ ಒಂದು ಗೆರೆ, ಅದರ ಆಚೆ ಈಚೆ ಖಾಲಿ. ಗುಡ್ಡವಿಲ್ಲ, ಹಳ್ಳವಿಲ್ಲ, ಜಾಡಿಲ್ಲ. ಅದು ಕಾರಿನಲ್ಲಿ ಊರೂರು ತಿರುಗುವವರಿಗಾಗಿ ಮಾಡಿದ ನಕ್ಷೆ. ಅದರ ಮಟ್ಟಿಗೆ ರಸ್ತೆಯಿಲ್ಲದ ಕಡೆ ಭೂಮಿಯೇ ಇಲ್ಲ.

‘ಮೇಷ್ಟ್ರೇ, ನಾವು ಜೋಳದ ಹೊಲದಲ್ಲಿದ್ದೇವೆ, ನಿಮ್ಮ ಬಾಣ ಇನ್ನೂ ಡಾಂಬರಿನ ಮೇಲೇ ನಿಂತಿದೆಯಲ್ಲ’ ಎಂದ ಗೆಳೆಯ. ಹೌದು. ಮುಂದೆ ಹೆಜ್ಜೆ ಹಾಕಿದರೆ ಬಾಣವೂ ರಸ್ತೆಗುಂಟ ಜಾರುತ್ತಿತ್ತೇ ಹೊರತು ಹೊಲಕ್ಕೆ ಇಳಿಯಲಿಲ್ಲ. ನಮ್ಮ ಸ್ಥಾನವನ್ನು ಹತ್ತಿರದ ರಸ್ತೆಗೆ ಅಂಟಿಸಿ ತೋರಿಸುವ ಸೌಲಭ್ಯವೊಂದು ಸೆಟ್ಟಿಂಗ್‌ನ ರೂಟಿಂಗ್ ವಿಭಾಗದಲ್ಲಿದೆ. ಕಾರಿಗೆ ಅದು ಒಳ್ಳೆಯದು. ಹುಡುಗ ಅದನ್ನು ಚಾಲೂ ಮಾಡಿಟ್ಟಿದ್ದ. ಅದನ್ನು ಹುಡುಕಿ ಬಂದ್ ಮಾಡುವುದಕ್ಕೆ ಹತ್ತು ನಿಮಿಷ ಹಿಡಿಯಿತು.

ನಕ್ಷೆ ಹೋದರೆ ಹೋಗಲಿ, ಹಿಂದೊಮ್ಮೆ ಅಲ್ಲಿ ಗುರುತು ಹಾಕಿದ್ದ ಮೂರು ಕಲ್ಲುಗಳನ್ನಾದರೂ ನೋಡೋಣವೆಂದು ಗುರುತುಗಳ ಪಟ್ಟಿ ತೆರೆದೆ. ಒಂದೂ ಇರಲಿಲ್ಲ. ಆರಿಸಿ ಮತ್ತೆ ಚಾಲೂ ಮಾಡಿದೆ. ಸೆಲ್ ತೆಗೆದು ಹಾಕಿದೆ. ಗೆಳೆಯ ನೀರಿನ ಬಾಟಲಿ ಕೊಟ್ಟ. ಬದುವಿನ ಮೇಲೆ ಕುಳಿತುಬಿಟ್ಟೆ.

ಆದದ್ದೇನೆಂದು ಹುಡುಗನೇ ಆಮೇಲೆ ಹೇಳಿದ. ಅವನಲ್ಲಿ ಸುಳ್ಳಿರಲಿಲ್ಲ, ತಿಳಿವಳಿಕೆಯೂ ಇರಲಿಲ್ಲ. ಈ ಸಾಧನವನ್ನು ಕಂಪ್ಯೂಟರಿಗೆ ಜೋಡಿಸಿದರೆ ಎರಡು ಡ್ರೈವ್‌ಗಳು ಕಾಣಿಸಿಕೊಳ್ಳುತ್ತವೆ: ಒಂದು ಸಾಧನದ ಒಳಗಿನ ಸ್ಮೃತಿ, ಇನ್ನೊಂದು ಕಾರ್ಡು. ಯಾವುದು ಯಾವುದೆಂದು ತಿಳಿಯದೆ ಅವನು ಎರಡನ್ನೂ ಫಾರ್ಮ್ಯಾಟ್ ಮಾಡಿದ್ದ. ನನ್ನ ಗುರುತುಗಳೆಲ್ಲ ಇದ್ದದ್ದು ಒಳಗಿನದರಲ್ಲಿ. ಜಿಪಿಎಕ್ಸ್ ಫೋಲ್ಡರಿನಲ್ಲಿ, ದಿನಾಂಕದ ಹೆಸರು ಹೊತ್ತ ಚಿಕ್ಕ ಚಿಕ್ಕ ಕಡತಗಳಾಗಿ. ಅಷ್ಟಾದರೂ ಕಾರ್ಡು ಕೆಲಸ ಮಾಡದಿದ್ದಾಗ ಅದರ ಗೊಡವೆಯೇ ಬೇಡವೆಂದು ಒಂದು ಜಿಬಿಗೂ ದೊಡ್ಡದಾದ ನಕ್ಷೆಯ ಕಡತವನ್ನು ತಂದು ಅದೇ ಒಳಗಿನ ಸ್ಮೃತಿಗೆ ಸುರಿದಿದ್ದ. ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಹಳೆಯದು ಪೂರ್ತಿ ಅಳಿಯುವುದಿಲ್ಲ, ಮೇಲಿನ ಪಟ್ಟಿ ಮಾತ್ರ ಹರಿದಿರುತ್ತದೆ. ಕೂಡಲೇ ಯತ್ನಿಸಿದರೆ ಬಹುಪಾಲು ಮರಳಿ ಸಿಗುತ್ತದೆ. ಅದರ ಮೇಲೆ ಹೊಸದನ್ನು ಬರೆದರೆ ಮುಗಿಯಿತು. ಸಮಾಧಿಯ ಮೇಲೆ ಮನೆ ಕಟ್ಟಿದಂತೆ.

ಮಾಲೀಕರದು ಒಂದೇ ಮಾತು: ‘ನಕ್ಷೆ ಹಾಕಿ ಎಂದಿರಿ, ಹಾಕಿದ್ದೇವೆ. ಒಳಗೆ ಏನಿತ್ತೆಂದು ನೀವು ಹೇಳಲಿಲ್ಲ.’ ಸಿಟ್ಟು ಬಂದರೂ ಎರಡನೆಯ ವಾಕ್ಯಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಣ ಮರಳಲಿಲ್ಲ. 64 ಜಿಬಿ ಕಾರ್ಡು ಈಗ ಮಗಳ ಮೊಬೈಲಿನಲ್ಲಿದೆ.

ಹಾಡು ಕೇಳುವ ಆ ಕಾರ್ಡು ನನ್ನ ಸಾಧನಕ್ಕೇಕೆ ಒಗ್ಗಲಿಲ್ಲ ಎಂಬುದಕ್ಕೂ ಕಾರಣವಿದೆ. ಇಂತಹ ಸಾಧನಗಳಿಗೆ ಫ್ಯಾಟ್ 32 ಎಂಬ ಹಳೆಯ ವಿನ್ಯಾಸದ ಕಾರ್ಡು ಬೇಕು. 64 ಜಿಬಿ ಮತ್ತು ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್ ಎಂಬ ಬೇರೆ ವಿನ್ಯಾಸದಲ್ಲಿ ಬರುತ್ತವೆ. 8 ಅಥವಾ 16 ಜಿಬಿಯದು ಕೊಳ್ಳಿ, ಧಾರಾಳವಾಯಿತು. ಫ್ಯಾಟ್ 32ರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ ಎಂಬುದೂ ನೆನಪಿರಲಿ; ಇಡೀ ಖಂಡದ ನಕ್ಷೆ ಬೇಕೆಂದು ದುರಾಸೆ ಪಟ್ಟರೆ ಅಲ್ಲಿ ಸಿಕ್ಕಿಕೊಳ್ಳುತ್ತೀರಿ. ಇಟ್ರೆಕ್ಸ್ 10ರಂತಹ ಅಗ್ಗದ ಮಾದರಿಗಳಿಗೆ ಕಾರ್ಡಿನ ಕಿಂಡಿಯೇ ಇಲ್ಲ. ಹಳೆಯ ಸಾಧನ ಕೊಳ್ಳುವವರು ಸೆಲ್‌ಗಳನ್ನು ತೆಗೆದು ಕೆಳಗೆ ಕಿಂಡಿ ಇದೆಯೇ ಎಂದು ಕಣ್ಣಾರೆ ನೋಡಿಯೇ ಹಣ ಎಣಿಸಬೇಕು.

ಅಳಿದದ್ದನ್ನು ಹೆಕ್ಕುವ ಕೆಲಸ ಸೋದರಳಿಯನದಾಯಿತು. ಜಿಪಿಎಕ್ಸ್ ಕಡತವೆಂದರೆ ಬರಿಯ ಅಕ್ಷರಗಳು. ನೋಟ್‌ಪ್ಯಾಡಿನಲ್ಲೂ ತೆರೆದು ಓದಬಹುದು. ಆದ್ದರಿಂದ ಚೂರುಪಾರು ಸಿಕ್ಕರೂ ಅರ್ಥವಾಗುತ್ತದೆ. ಎರಡು ರಾತ್ರಿ ಕುಳಿತು 19 ಗುರುತುಗಳನ್ನು ಹೊರಗೆಳೆದ.

ಉಳಿದವಕ್ಕೆ ನನ್ನ ಹಳೆಯ ನೋಟುಬುಕ್ಕೇ ಗತಿ. ಅದರಲ್ಲೂ ಒಂದು ಗುಂಡಿ ಕಾದಿತ್ತು. ಸಾಧನ ಡಿಗ್ರಿ ಮತ್ತು ಮಿನಿಟುಗಳಲ್ಲಿ ತೋರಿಸುತ್ತಿದ್ದುದನ್ನು ನಾನು ಆತುರದಲ್ಲಿ ‘14 22.5’ ಎಂದು ಗೀಚಿಕೊಂಡಿದ್ದೆ. ಅಳಿಯ ಅದನ್ನು 14.225 ಎಂದು ಕಂಪ್ಯೂಟರಿಗೆ ಏರಿಸಿದ. 22.5 ಮಿನಿಟೆಂದರೆ ಅರವತ್ತರಿಂದ ಭಾಗಿಸಿ 0.375 ಡಿಗ್ರಿ, ಸರಿಯಾದ ಅಂಕಿ 14.375. ವ್ಯತ್ಯಾಸ ಕಾಗದದ ಮೇಲೆ ಅತಿ ಅಲ್ಪ, ನೆಲದ ಮೇಲೆ ಹದಿನಾರು ಕಿಲೋಮೀಟರಿಗೂ ಹೆಚ್ಚು. ಲೆಕ್ಕದ ಮೇಷ್ಟ್ರ ನೋಟುಬುಕ್ಕು ಇದು ಎಂದು ಯಾರಿಗೂ ಹೇಳಬೇಡಿ. ಇನ್ನು ಕೆಲವು ಗುರುತುಗಳನ್ನು ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷಾಹಾಳೆಗೆ ಹೊಂದಲೆಂದು ಸಾಧನವನ್ನು ಹಳೆಯ ಭಾರತೀಯ ಮಾನಕ್ಕೆ (ಅಕ್ಷಾಂಶ, ರೇಖಾಂಶಗಳನ್ನು ಎಣಿಸುವ ಆಧಾರಕ್ಕೆ) ಬದಲಿಸಿ ಬರೆದುಕೊಂಡಿದ್ದೆ. ಈಗ ಎಲ್ಲೆಡೆ ಬಳಸುವ ಡಬ್ಲ್ಯುಜಿಎಸ್ 84 ಮಾನದಲ್ಲಿ ಅದೇ ಅಂಕಿ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಬೀಳುತ್ತದೆ. ಆಳೆತ್ತರ ಬೆಳೆದ ಮೆಕ್ಕೆಜೋಳದ ನಡುವೆ ನೂರು ಮೀಟರೆಂದರೆ ಬೇರೆ ಊರೇ. ಎಲ್ಲ ಸರಿಪಡಿಸಿ ನೋಟುಬುಕ್ಕಿನಿಂದ 54 ಸಿಕ್ಕವು.

ನಕ್ಷೆಯ ಕೆಲಸವನ್ನು ಕೊನೆಗೆ ನಾನೇ ಮಾಡಿಕೊಂಡೆ. ನಾಚಿಕೆಯಾಗುವಷ್ಟು ಸುಲಭವಿತ್ತು, ಬಿಡಿಗಾಸಿನ ಖರ್ಚಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು 2004ರಲ್ಲಿ ಆರಂಭವಾದದ್ದು, ಜನರೇ ಕೂಡಿ ಬರೆಯುತ್ತಿರುವ ನಕ್ಷೆ. ಅದನ್ನು ಗಾರ್ಮಿನ್ ಸಾಧನಗಳು ಓದುವ ರೂಪಕ್ಕೆ ಪರಿವರ್ತಿಸಿ ಉಚಿತವಾಗಿ ಕೊಡುವವರಿದ್ದಾರೆ; ಓಪನ್‌ಟೋಪೋಮ್ಯಾಪ್ ಅಂತಹದೊಂದು. ನಮಗೆ ಬೇಕಾದದ್ದು ಐಎಂಜಿ ಎಂಬ ಬಾಲವಿರುವ ಕಡತ. ಕಾರ್ಡಿನಲ್ಲಿ ಗಾರ್ಮಿನ್ ಎಂಬ ಹೆಸರಿನ ಫೋಲ್ಡರ್ ಮಾಡಿ, ಅದರೊಳಗೆ ಕಡತವನ್ನು ಇಟ್ಟು, ಸಾಧನದ ನಕ್ಷೆ ಆಯ್ಕೆಯಲ್ಲಿ ಅದನ್ನು ಚಾಲೂ ಮಾಡಿ ಉಳಿದವನ್ನು ಬಂದ್ ಮಾಡಿದರೆ ಆಯಿತು. ಎರಡು ನಕ್ಷೆಗಳು ಒಟ್ಟಿಗೆ ಚಾಲೂ ಇದ್ದರೆ ಒಂದು ಇನ್ನೊಂದನ್ನು ಮುಚ್ಚಿಬಿಡುತ್ತದೆ. ಇಳಿಸಿಕೊಂಡ ನಕ್ಷೆಗಳಿಗೆ ಬಹಳ ಸಲ ಜಿಮ್ಯಾಪ್‌ಸಪ್ ಎಂಬ ಒಂದೇ ಹೆಸರಿರುತ್ತದೆ, ಹೊಸದನ್ನು ಇಟ್ಟರೆ ಹಳೆಯದು ಅಳಿಯುತ್ತದೆ. ಇಟ್ರೆಕ್ಸ್ 20 ಬೇರೆ ಹೆಸರಿದ್ದರೂ ಓದುತ್ತದೆ, ಆದ್ದರಿಂದ ಮೊದಲೇ ಹೆಸರು ಬದಲಿಸಿಡಿ. ಕೆಲಸವೆಲ್ಲ ಕಾರ್ಡಿನಲ್ಲೇ ಮುಗಿಯುತ್ತದೆ; ಸಾಧನದ ಒಳಗಿನ ಡ್ರೈವನ್ನು ಮುಟ್ಟುವ ಅಗತ್ಯವೇ ಇಲ್ಲ. ಮುಟ್ಟಬೇಕು ಎನ್ನುವವರ ಕೈಯಿಂದ ಸಾಧನವನ್ನು ಮೆಲ್ಲಗೆ ವಾಪಸು ತೆಗೆದುಕೊಳ್ಳಿ.

ಈ ಉಚಿತ ನಕ್ಷೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಯಾರೋ ನಡೆದು ಬರೆದ ಕಡೆ ಜಾಡಿದೆ, ಬರೆಯದ ಕಡೆ ಇಲ್ಲ. ಎತ್ತರದ ಗೆರೆಗಳು ಸಾಮಾನ್ಯವಾಗಿ 2000ನೇ ಇಸವಿಯ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಅಂಕಿಗಳಿಂದ ಬಂದವು. ಆ ಅಳತೆಯ ಅತಿ ಸೂಕ್ಷ್ಮ ರೂಪದಲ್ಲೂ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸುಮಾರು 30 ಮೀಟರ್ ಅಂತರ. ನಮ್ಮ ದುರ್ಗದ ಸೀಮೆಯ ಮನೆಗಾತ್ರದ ಬಂಡೆಗಳು ಆ ಎರಡು ಬಿಂದುಗಳ ನಡುವೆ ಆರಾಮವಾಗಿ ಅಡಗಿ ಕೂರುತ್ತವೆ. ನಕ್ಷೆಯಲ್ಲಿ ನುಣುಪಾದ ಇಳಿಜಾರೆಂದು ಕಂಡಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಲೆಕ್ಕ ಹಾಕಿದರೆ ಇನ್ನೂ 90 ಕಲ್ಲುಗಳು ಬಾಕಿ. ಹೋದ ತಿಂಗಳು ಹೊಳಲ್ಕೆರೆ ಕಡೆಯ ಒಂದು ಊರಿಗೆ ಮತ್ತೆ ಹೋದೆ. ಆರು ವರ್ಷದ ಹಿಂದೆ ಕಲ್ಲು ತೋರಿಸಿದ್ದ ಅಜ್ಜ ಈಗಿಲ್ಲ. ಮಗನಿಗೆ ಕಲ್ಲಿನ ಸುದ್ದಿಯೇ ಗೊತ್ತಿರಲಿಲ್ಲ. ಸೊಸೆ ಮಾತ್ರ, ‘ಮಾವ ಅಮಾವಾಸ್ಯೆಗೆ ಎಣ್ಣೆ ಹಚ್ಚುತ್ತಿದ್ದ ಕಲ್ಲೇ ಅಣ್ಣಾ?’ ಎಂದು ಕೇಳಿ, ಅಡಿಕೆ ತೋಟದೊಳಗೆ ಕರೆದುಕೊಂಡು ಹೋದಳು. ಕಲ್ಲು ಅಲ್ಲೇ ಇತ್ತು, ಹನಿ ನೀರಾವರಿಯ ಪೈಪಿಗೆ ಆನಿಸಿಟ್ಟಿದ್ದರು. ಗುರುತು ಹಾಕಿಕೊಂಡೆ. ಆ ರಾತ್ರಿಯೇ ಮನೆಯಲ್ಲಿ ಕಂಪ್ಯೂಟರಿಗೂ ಪೆನ್‌ಡ್ರೈವಿಗೂ ನಕಲು ಮಾಡಿದೆ. 89.