ಸ್ಲೀಪ್‌ನಿಂದ ಏಳದ ಕಂಪ್ಯೂಟರ್‌ಗೆ ಏಳು ಸಾವಿರ ಕೊಟ್ಟೆ, ನೀವು ಕೊಡಬೇಡಿ

ಮದರ್‌ಬೋರ್ಡ್, ಅಂದರೆ ಕಂಪ್ಯೂಟರ್ ಒಳಗಿನ ಮುಖ್ಯ ಬೋರ್ಡ್, ಬದಲಾಯಿಸಿದ್ದೇವೆ ಅಂತ ಹೇಳಿ ರಿಪೇರಿ ಅಂಗಡಿಯವರು ನನ್ನ ಕೈಯಿಂದ 7,000 ರೂಪಾಯಿ ತೆಗೆದುಕೊಂಡರು. ಬೋರ್ಡ್ ಬದಲಾಗಿಲ್ಲ. ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ. ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ನಾನು ಹದಿನಾಲ್ಕು ವರ್ಷದಿಂದ ಡಿಟಿಪಿ ಮಾಡುತ್ತಿರುವವಳು. ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವವಳಿಗೇ ಹೀಗೆ ಮಾಡಿದರೆ, ಮನೆಯಲ್ಲಿ ಮಕ್ಕಳಿಗೆ ಅಂತ ಒಂದು ಕಂಪ್ಯೂಟರ್ ಇಟ್ಟುಕೊಂಡವರ ಗತಿ ಏನು?

ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ. ಕಂಪ್ಯೂಟರ್ 2019ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ್ದು. ಇಷ್ಟು ವರ್ಷ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಈಚೆಗೆ ಒಂದು ದಿನ ಊಟ ಮುಗಿಸಿ ಬಂದು ಕೀಬೋರ್ಡ್ ಮುಟ್ಟಿದರೆ ಸ್ಕ್ರೀನ್ ಬರಲಿಲ್ಲ. ಸಿಪಿಯು ಲೈಟ್ ಹತ್ತಿದೆ, ಫ್ಯಾನ್ ತಿರುಗುವ ಸದ್ದು ಬರುತ್ತಿದೆ, ಮಾನಿಟರ್ ಮೇಲೆ ಮಾತ್ರ 'ನೋ ಸಿಗ್ನಲ್' ಅಂತ ಒಂದು ಕ್ಷಣ ಬಂದು ಮತ್ತೆ ಕಪ್ಪು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಆನ್ ಮಾಡಿದರೆ ಸರಿ ಇರುತ್ತಿತ್ತು. ಮತ್ತೆ ಸ್ಲೀಪ್‌ಗೆ (ಸ್ವಲ್ಪ ಹೊತ್ತು ಮುಟ್ಟದಿದ್ದರೆ ಕಂಪ್ಯೂಟರ್ ತಾನಾಗಿ ಮಲಗುವುದು) ಹೋದರೆ ಅದೇ ಕಥೆ. ಹೀಗೆ ಆಫ್ ಮಾಡಿ ಒಂದು ಲಗ್ನಪತ್ರಿಕೆ ಎರಡು ಸಲ ಹಾಳಾಯಿತು. ಎರಡೂ ಕಡೆಯ ನೆಂಟರ ಹೆಸರು 'ನುಡಿ' ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ಸೇವ್ ಮಾಡದೆ ಎದ್ದು ಹೋಗಿದ್ದೆ. ಮದುವೆ ಸೀಸನ್ ಬೇರೆ. ತಲೆ ಕೆಟ್ಟು, ಶನಿವಾರ ಸಿಪಿಯು ಆಟೋದಲ್ಲಿ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋದೆ.

ಅಂಗಡಿಯವನು ಸಿಪಿಯು ಬಿಚ್ಚಲೂ ಇಲ್ಲ, ಆನ್ ಮಾಡಲೂ ಇಲ್ಲ. ನಾನು ಹೇಳಿದ್ದನ್ನು ಕೇಳಿಸಿಕೊಂಡು ಹೇಳಿದ: "ಮೇಡಂ, ಸ್ಲೀಪ್‌ನಿಂದ ಏಳ್ತಿಲ್ಲ ಅಂದ್ರೆ ಬೋರ್ಡ್ ವೀಕ್ ಆಗಿದೆ ಅಂತಾನೇ ಅರ್ಥ. ಇವತ್ತಲ್ಲ ನಾಳೆ ಪೂರ್ತಿ ಹೋಗತ್ತೆ. ಹೋಗೋವಾಗ ಡೇಟಾನೂ ತಗೊಂಡು ಹೋಗತ್ತೆ."

ಡೇಟಾ ಅಂದ ತಕ್ಷಣ ನನ್ನ ಕೈಕಾಲು ಆಡಲಿಲ್ಲ. ಹದಿನಾಲ್ಕು ವರ್ಷದ ಕೆಲಸ ಅದರಲ್ಲಿದೆ. ಡೇಟಾ ಇರುವುದು ಹಾರ್ಡ್ ಡಿಸ್ಕ್‌ನಲ್ಲಿ, ಬೋರ್ಡ್‌ನಲ್ಲಲ್ಲ ಅಂತ ನನಗೂ ಗೊತ್ತು. ಆ ಗಾಬರಿಯಲ್ಲಿ ಅದು ನೆನಪಾಗಲಿಲ್ಲ. 8,500 ಅಂದ. ನಾನು ಚೌಕಾಸಿ ಮಾಡಿ 7,000ಕ್ಕೆ ಇಳಿಸಿದೆ. ಒಂದೂವರೆ ಸಾವಿರ ಉಳಿಸಿದೆ ಅಂತ ಅವತ್ತು ಸಂಜೆ ಯಜಮಾನರ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬುಧವಾರ ನಾಲ್ಕೂವರೆಗೆ ಫೋನ್ ಬಂತು. "ರೆಡಿ ಇದೆ ಮೇಡಂ, ಎರಡು ರಾತ್ರಿ ಕೂತು ಮಾಡಿದೀವಿ." ಹೋದೆ. ಆನ್ ಮಾಡಿ ತೋರಿಸಿದ, ಆಫ್ ಮಾಡಿ ಮತ್ತೆ ಆನ್ ಮಾಡಿ ತೋರಿಸಿದ. ಸ್ಕ್ರೀನ್ ಬಂತು. ಬರದೆ ಇನ್ನೇನು? ಆನ್ ಮಾಡಿದಾಗ ಮೊದಲೂ ಬರುತ್ತಿತ್ತಲ್ಲ! ಸ್ಲೀಪ್‌ಗೆ ಹಾಕಿ ಎಬ್ಬಿಸಿ ತೋರಿಸು ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಫೋನ್‌ಪೇ ಮಾಡಿದೆ. ಬಿಲ್ ಅಂತ ಕೊಟ್ಟಿದ್ದು ಒಂದು ಚೀಟಿ, ಅದರಲ್ಲಿ 'ಎಂ.ಬಿ. + ಸರ್ವಿಸ್ 7000' ಅಂತ ಇಷ್ಟೇ. ಎಂ.ಬಿ. ಅಂದರೆ ಮದರ್‌ಬೋರ್ಡ್. ಹಳೇ ಬೋರ್ಡ್ ಕೊಡಿ ಅಂದೆ. "ಸ್ಕ್ರ್ಯಾಪ್‌ಗೆ ಹಾಕಿಬಿಟ್ವಿ ಮೇಡಂ, ನಿಮಗೆ ಯಾಕೆ ಆ ಕಸ?" ಅಂದ.

ಒಂಬತ್ತು ದಿನ ಚೆನ್ನಾಗಿ ನಡೆಯಿತು. ಹತ್ತನೇ ದಿನ ಅಂಗಡಿ ಮುಚ್ಚುವಾಗ ಕೆಲಸ ಅರ್ಧ ಇತ್ತು ಅಂತ ನಾನೇ ಸ್ಟಾರ್ಟ್ ಮೆನುವಿನಿಂದ ಸ್ಲೀಪ್ ಕೊಟ್ಟು ಹೋದೆ. ಬೆಳಿಗ್ಗೆ ಬಂದು ಕೀ ಒತ್ತಿದೆ. ನೋ ಸಿಗ್ನಲ್.

ಫೋನ್ ಮಾಡಿದೆ.

"ಮೇಡಂ, ಸ್ಲೀಪ್ ಯಾಕೆ ಮಾಡ್ತೀರಾ? ಶಟ್‌ಡೌನ್ ಮಾಡಿ."

"ನಾನು ಬಂದಿದ್ದೇ ಸ್ಲೀಪ್ ತೊಂದರೆಗಲ್ವಾ?"

"ಹೊಸ ಬೋರ್ಡ್ ಅಲ್ವಾ ಮೇಡಂ, ಸೆಟ್ ಆಗೋಕೆ ಸ್ವಲ್ಪ ಟೈಮ್ ಬೇಕು."

ಬೋರ್ಡ್ ಸೆಟ್ ಆಗೋಕೆ ಟೈಮ್ ಬೇಕಂತೆ! ಅದೇನು ಹೆಪ್ಪು ಹಾಕಿದ ಹಾಲಾ?

ಭಾನುವಾರ ಅಣ್ಣನ ಮಗ ಬಂದ, ಡಿಪ್ಲೊಮಾ ಓದುತ್ತಿದ್ದಾನೆ. ಕಂಪ್ಯೂಟರ್ ಮತ್ತೆ ಏಳದೆ ಕೂತಿತ್ತು. ಪವರ್ ಬಟನ್‌ಗೆ ಕೈ ಹಾಕಿದ್ದೆ, ತಡೆದ. "ಅತ್ತೆ, ಇರಿ. ಕ್ಯಾಪ್ಸ್ ಲಾಕ್ ಒತ್ತಿ, ಲೈಟ್ ಬರುತ್ತಾ ನೋಡಿ." ಒತ್ತಿದೆ. ಕೀಬೋರ್ಡಿನ ಮೂಲೆಯ ಪುಟ್ಟ ಹಸಿರು ಲೈಟ್ ಹತ್ತಿತು. ಮತ್ತೆ ಒತ್ತಿದೆ, ಆರಿತು. "ಕಂಪ್ಯೂಟರ್ ಎದ್ದಿದೆ ಅತ್ತೆ. ಚಿತ್ರ ಒಂದು ಬರ್ತಿಲ್ಲ ಅಷ್ಟೇ." ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿದ. ಬೀಪ್ ಅಂತು. ಸ್ಕ್ರೀನ್ ಬಂತು. ಹಿಂದಿನ ದಿನ ಬಿಟ್ಟುಹೋದ ಪತ್ರಿಕೆ, ಅರ್ಧ ಟೈಪ್ ಮಾಡಿದ ಸಾಲಿನ ಕೊನೆಯಲ್ಲಿ ಕರ್ಸರ್ ಮಿನುಗುತ್ತಿತ್ತು.

ಸ್ಲೀಪ್‌ನಲ್ಲಿ ರ‍್ಯಾಮ್‌ಗೆ (ತೆರೆದ ಕೆಲಸ ನೆನಪಿಟ್ಟುಕೊಳ್ಳುವ ಭಾಗ) ಮಾತ್ರ ಕರೆಂಟ್ ಹೋಗುತ್ತಿರುತ್ತದೆ, ಮಿಕ್ಕಿದ್ದು ಹೆಚ್ಚು ಕಡಿಮೆ ಎಲ್ಲ ಆಫ್. ಏಳುವಾಗ ಗ್ರಾಫಿಕ್ಸ್ ಮತ್ತೆ ಶುರುವಾಗಬೇಕು. ಅಪ್‌ಡೇಟ್ ಜೊತೆ ಬಂದ ಹೊಸ ಗ್ರಾಫಿಕ್ಸ್ ಡ್ರೈವರ್ (ಸ್ಕ್ರೀನಿಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆ ನಾಲ್ಕು ಕೀ ಒತ್ತಿದರೆ ಡ್ರೈವರ್ ಮಾತ್ರ ರೀಸ್ಟಾರ್ಟ್ ಆಗುತ್ತದಂತೆ, ತೆರೆದ ಫೈಲ್ ಹಾಗೇ ಇರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್‌ಗೆ ಹೋಗಿ ರೋಲ್ ಬ್ಯಾಕ್ ಡ್ರೈವರ್ ಕೊಟ್ಟ, ಹಳೇ ಡ್ರೈವರ್ ವಾಪಸ್ ಬಂತು. ಐದು ನಿಮಿಷದ ಕೆಲಸ. ಒಂದು ಪೈಸೆ ಖರ್ಚಿಲ್ಲ.

"ಹಾಗಾದ್ರೆ ಒಂಬತ್ತು ದಿನ ಹೇಗೆ ಸರಿ ಇತ್ತು?" ಅಂತ ಕೇಳಿದೆ. ಅವನು ಸೆಟ್ಟಿಂಗ್ಸ್‌ನಲ್ಲಿ ಪವರ್ ಆಂಡ್ ಸ್ಲೀಪ್ ತೆರೆದು ಸುಮ್ಮನಾದ. ನಾನು ಯಾವಾಗಲೂ ಹದಿನೈದು ನಿಮಿಷ ಇಡುತ್ತಿದ್ದೆ. ಅಲ್ಲಿ 'ನೆವರ್' ಅಂತ ಇತ್ತು.

ನೆವರ್. ಕಂಪ್ಯೂಟರ್ ತಾನಾಗಿ ಸ್ಲೀಪ್‌ಗೇ ಹೋಗದ ಹಾಗೆ ಮಾಡಿಟ್ಟಿದ್ದರು. ಮಲಗದಿದ್ದರೆ ಏಳುವ ಪ್ರಶ್ನೆಯೇ ಇಲ್ಲ ಅಲ್ವಾ? ಇದಕ್ಕೆ ಏಳು ಸಾವಿರ. ನನಗೆ ಅಳು ಬಂತು, ಹುಡುಗನ ಮುಂದೆ ತಡೆದುಕೊಂಡೆ.

ಆಮೇಲೆ ಪಕ್ಕದ ಬಾಗಿಲು ಬಿಚ್ಚಿ ನೋಡಿದೆವು. ಬೋರ್ಡ್ ಮೇಲೆ ವರ್ಷಗಟ್ಟಲೆ ಕೂತ ಧೂಳು, ಸ್ಕ್ರೂಗಳ ತಲೆ ಮೇಲೂ ಧೂಳು, ಮೂಲೆಯಲ್ಲಿ ಜೇಡರ ಬಲೆ. ಎಸ್.ಪಿ. ರೋಡಿನವರು 2019ರಲ್ಲಿ ಅಂಟಿಸಿದ್ದ ವಾರಂಟಿ ಸ್ಟಿಕ್ಕರ್, ನೀಲಿ ಪೆನ್ನಿನಲ್ಲಿ ಬರೆದ ತಾರೀಖು, ಹಾಗೇ ಇದೆ. ಹಳೇ ಬಿಲ್ಲಿನಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆದುಕೊಟ್ಟಿದ್ದರು. ಫೈಲಿನಿಂದ ತೆಗೆದು ಬೋರ್ಡ್ ಮೇಲಿನ ನಂಬರ್ ಜೊತೆ ಒಂದೊಂದೇ ಅಕ್ಷರ ಓದಿ ತಾಳೆ ನೋಡಿದೆವು. ಅದೇ ಬೋರ್ಡ್. ಹುಡುಗ ಈವೆಂಟ್ ವ್ಯೂವರ್ ಕೂಡ ತೆರೆದು ತೋರಿಸಿದ, ಕಂಪ್ಯೂಟರ್ ಯಾವಾಗ ಆನ್, ಯಾವಾಗ ಆಫ್ ಆಯಿತು ಅನ್ನುವ ದಾಖಲೆ ಅದರಲ್ಲಿರುತ್ತದೆ. ಐದು ದಿನ ಅವರ ಹತ್ತಿರ ಇದ್ದ ಕಂಪ್ಯೂಟರ್, ನನ್ನ ಮುಂದೆ ತೋರಿಸಿದ್ದು ಬಿಟ್ಟರೆ, ಆನ್ ಆಗಿದ್ದು ಒಂದೇ ಸಲ. ಬುಧವಾರ 4:10ರಿಂದ 4:21ರವರೆಗೆ. ಎರಡು ರಾತ್ರಿ ಕೂತಿದ್ದರಂತೆ.

ಬಿಲ್, ಫೋಟೋ ಎಲ್ಲ ಹಿಡಿದುಕೊಂಡು ಹೋದೆ. ಈಗ ನಾನು ಮೇಡಂ ಅಲ್ಲ, ಅಕ್ಕ. "ಅಕ್ಕ, ಬದಲಾಯಿಸಿದೀವಿ ಅಂತ ಯಾರು ಹೇಳಿದ್ದು? ಚಿಪ್ ಲೆವೆಲ್ ಸರ್ವಿಸ್ ಮಾಡಿದ್ದು." ಮತ್ತೆ ಹಳೇ ಬೋರ್ಡ್ ಸ್ಕ್ರ್ಯಾಪ್‌ಗೆ ಹಾಕಿದ್ದು ಯಾವುದು ಅಂದೆ. "ಅದು ಬೇರೆ ಹುಡುಗ ಗೊತ್ತಿಲ್ದೆ ಹೇಳಿರಬೇಕು." ಹೇಳಿದವನು ಇವನೇ! ಧೂಳು ಕೂಡ ಒರೆಸದೆ ಅದ್ಯಾವ ಚಿಪ್ ಸರ್ವಿಸ್ ಅಂದೆ. "ಇರಲಿ ಅಕ್ಕ, ಈಗ ಕಂಪ್ಯೂಟರ್ ಸರಿ ಇದೆ ತಾನೆ? ಮತ್ತೆ ಯಾಕೆ ಗಲಾಟೆ?" ಗಿರಾಕಿಗಳು ನೋಡುತ್ತಿದ್ದರು. ನನ್ನ ಧ್ವನಿ ನಡುಗುತ್ತಿತ್ತು. ದುಡ್ಡು ಕೊಡಲಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಚೀಟಿಯಲ್ಲಿ ಅಂಗಡಿ ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಫೋನ್‌ಪೇ ಮಾಡಿದ್ದರಿಂದ ಅದೊಂದು ಪುರಾವೆ ಉಳಿಯಿತು. ಕ್ಯಾಶ್ ಕೊಟ್ಟಿದ್ದರೆ ಅದೂ ಇಲ್ಲ.

ನಿಮ್ಮದೂ ಹೀಗಾದರೆ ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಲೈಟ್ ಹತ್ತಿ ಆರಿದರೆ ಕಂಪ್ಯೂಟರ್ ಜೀವಂತ ಇದೆ, ಆ ನಾಲ್ಕು ಕೀ ಒತ್ತಿ, ಡ್ರೈವರ್ ನೋಡಿ. ಲೈಟ್ ಬರಲೇ ಇಲ್ಲ ಅಂದರೆ ಬೇರೆ ಕಾರಣ ಇರಬಹುದು, ಆಗ ಅಂಗಡಿಗೆ ಹೋಗಿ. ಹೋಗುವ ಮುಂಚೆ ಬಾಗಿಲು ಬಿಚ್ಚಿ ಸೀರಿಯಲ್ ನಂಬರ್‌ಗಳ ಫೋಟೋ ತೆಗೆದುಕೊಳ್ಳಿ. ಬಿಚ್ಚಿ ತೆಗೆದ ಹಳೇ ಪಾರ್ಟ್ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. ನಿಮ್ಮ ಕೈಯಿಂದಲೇ ಸ್ಲೀಪ್‌ಗೆ ಹಾಕಿ, ಹತ್ತು ನಿಮಿಷ ಅಲ್ಲೇ ಕೂತು, ನೀವೇ ಎಬ್ಬಿಸಿ ನೋಡಿ. ಅವರು ಮುಖ ಸಿಂಡರಿಸಿದರೂ ಏಳಬೇಡಿ.